ಹನ್ನೆರಡು ಅಂಕಿಗಳು ಮತ್ತು ಒಂದು ಹೆಚ್ಚುವರಿ ಪುಟ: ದಾವಣಗೆರೆಯ ಮಣ್ಣು ಪರೀಕ್ಷಾ ಸೇವೆಯೊಂದರ ವಿಮರ್ಶೆ

ದಾವಣಗೆರೆ ನಗರದ ಖಾಸಗಿ ಪ್ರಯೋಗಾಲಯವೊಂದು ರೈತರಿಗೆ ಎರಡು ಬಗೆಯ ಮಣ್ಣು ಪರೀಕ್ಷೆ ಮಾಡಿಕೊಡುತ್ತದೆ. ಒಂದು, ಎಲ್ಲರೂ ಕೇಳುವ ಪೋಷಕಾಂಶಗಳ ಪರೀಕ್ಷೆ. ಇನ್ನೊಂದು, ದರಪಟ್ಟಿಯ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುವ ಭೌತಿಕ ಗುಣಗಳ ಪರೀಕ್ಷೆ. ಭರಮಸಾಗರದ ಕಡೆ ಇರುವ ನಮ್ಮ ಜಮೀನಿಗಾಗಿ ಎರಡನ್ನೂ ಮಾಡಿಸಿದ ಮೇಲೆ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಪೋಷಕಾಂಶಗಳ ವರದಿ ಅಚ್ಚುಕಟ್ಟಾಗಿದೆ, ಅದಕ್ಕೆ ಅಂಟಿಸಿರುವ ಶಿಫಾರಸು ದುರ್ಬಲವಾಗಿದೆ, ಯಾರೂ ಕೇಳದ ಆ ಎರಡನೆಯ ಪರೀಕ್ಷೆಯೇ ಕೊಟ್ಟ ಹಣಕ್ಕೆ ತಕ್ಕ ಬೆಲೆಯುಳ್ಳದ್ದು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಎತ್ತಿರುವ ಆಕ್ಷೇಪಗಳು ಒಂದು ಸಂಸ್ಥೆಗಿಂತ ಇಂತಹ ಸೇವೆಯ ರೂಢಿಗೇ ಹೆಚ್ಚು ಅನ್ವಯಿಸುತ್ತವೆ.

ಜಮೀನಿನ ಸ್ವರೂಪವನ್ನು ತಿಳಿಸದೆ ವರದಿಯನ್ನು ಅಳೆಯಲಾಗದು. ಮೇಲ್ಭಾಗದಲ್ಲಿ ಇಳಿಜಾರಿನ ಕೆಂಪು ಮಸಾರಿ, ಅಲ್ಲಲ್ಲಿ ಗರಸು ಎದ್ದಿರುವ ತೆಳುವಾದ ನೆಲ; ಅಲ್ಲಿ ಶೇಂಗಾ ಮತ್ತು ಮೆಕ್ಕೆಜೋಳ. ಕೆಳಗೆ ಹಳ್ಳದ ಕಡೆಗೆ ಇಳಿದಂತೆ ಎರೆ, ಅಂದರೆ ಕಪ್ಪು ಮಣ್ಣು. ಅಲ್ಲಿ ಹಿಂಗಾರಿಗೆ ಜೋಳ ಮತ್ತು ಕಡಲೆ. ಒಂದೇ ಸರ್ವೆ ನಂಬರಿನೊಳಗೆ ಎರಡು ಜಾತಿಯ ಮಣ್ಣು ಇರುವುದು ದಾವಣಗೆರೆ ಮತ್ತು ಚಿತ್ರದುರ್ಗದ ನಡುವಿನ ಈ ಪಟ್ಟಿಯಲ್ಲಿ ವಿಶೇಷವೇನಲ್ಲ. ಇಂತಹ ನೆಲದಲ್ಲಿ ಮಣ್ಣು ಪರೀಕ್ಷೆ ಯಶಸ್ವಿಯಾಗುವುದೂ ಸೋಲುವುದೂ ಪ್ರಯೋಗಾಲಯದಲ್ಲಿ ಅಲ್ಲ, ಮಾದರಿ ತೆಗೆಯುವಾಗಲೇ.

ಈ ವಿಷಯದಲ್ಲಿ ಸಂಸ್ಥೆಗೆ ಪೂರ್ಣ ಅಂಕ ಕೊಡಬೇಕು. ಮಾದರಿ ತೆಗೆಯುವ ಕ್ರಮವನ್ನು ಕನ್ನಡದಲ್ಲಿ, ಚಿತ್ರಸಹಿತ, ಒಂದು ಹಾಳೆಯಲ್ಲಿ ಮುದ್ರಿಸಿ ಬಟ್ಟೆಯ ಚೀಲದೊಂದಿಗೆ ಕೊಡುತ್ತಾರೆ. ಮೇಲಿನ ಕಸವನ್ನು ಸರಿಸಿ, ಆರು ಇಂಚು ಆಳದವರೆಗೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಒಂದೇ ದಪ್ಪದ ಪದರವನ್ನು ಕೆರೆದುಕೊಳ್ಳಬೇಕು. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಎಂಟು ಹತ್ತು ಕಡೆ ಹೀಗೆ ತೆಗೆದುದನ್ನು ಒಟ್ಟುಗೂಡಿಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು, ಅರ್ಧ ಕಿಲೋ ಉಳಿಯುವವರೆಗೆ ಇದನ್ನೇ ಪುನರಾವರ್ತಿಸಬೇಕು. ಬದುವಿನ ಪಕ್ಕ, ಮರದ ನೆರಳು, ತಿಪ್ಪೆ ಇದ್ದ ಜಾಗ ಇವನ್ನು ಬಿಡಬೇಕು. ಗೊಬ್ಬರದ ಖಾಲಿ ಚೀಲವನ್ನು ಬಳಸಬಾರದು. ಬಿಸಿಲಿನಲ್ಲಿ ಅಲ್ಲ, ನೆರಳಿನಲ್ಲಿ ಒಣಗಿಸಬೇಕು. ಸತು, ಕಬ್ಬಿಣಗಳ ಪರೀಕ್ಷೆಗೆ ತುಕ್ಕು ಹಿಡಿದ ಸಲಕೆಯ ಬದಲು ಮರದ ಗೂಟ ಅಥವಾ ಪ್ಲಾಸ್ಟಿಕ್ ಸಾಧನ ಬಳಸಿ ಎಂಬ ಸೂಚನೆಯೂ ಇದೆ. ಈ ಎಚ್ಚರಿಕೆಯನ್ನು ಹಲವು ಕಡೆ ಹೇಳುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾದರಿ ಸ್ವೀಕರಿಸುವ ಸಿಬ್ಬಂದಿ ‘ಬಣ್ಣ ಬೇರೆ ಇದ್ದರೆ, ಇಳಿಜಾರು ಬೇರೆ ಇದ್ದರೆ ಚೀಲವೂ ಬೇರೆ’ ಎಂದು ಖಚಿತವಾಗಿ ಹೇಳಿ, ಎರಡು ಚೀಲ ಕೊಟ್ಟರು.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಎಕರೆಯಲ್ಲಿ ಆರು ಇಂಚು ಆಳದ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಸಾವಯವ ಇಂಗಾಲದ ಪರೀಕ್ಷೆಗೆ ಪ್ರಯೋಗಾಲಯದವರು ತೆಗೆದುಕೊಳ್ಳುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಕೆಂಪು ಮಣ್ಣನ್ನೂ ಎರೆಯನ್ನೂ ಒಂದೇ ಚೀಲಕ್ಕೆ ಸುರಿದರೆ ಬರುವ ಅಂಕಿ ಎರಡರ ಸರಾಸರಿಯಾಗಿರುತ್ತದೆ, ಆ ಸರಾಸರಿಯ ಮಣ್ಣು ಹೊಲದಲ್ಲಿ ಎಲ್ಲಿಯೂ ಇರುವುದಿಲ್ಲ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಚಾಲನೆ ಪಡೆದ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ಚೌಕಟ್ಟನ್ನು ಇಟ್ಟುಕೊಳ್ಳಲಾಯಿತು. ದೇಶದಾದ್ಯಂತ ನಡೆಯಬೇಕಾದ ಕೆಲಸಕ್ಕೆ ಅದು ಅನಿವಾರ್ಯವಿರಬಹುದು. ಆದರೆ 10 ಹೆಕ್ಟೇರ್ ಎಂದರೆ ಇಪ್ಪತ್ತೈದು ಎಕರೆ ಸಮೀಪ, ನಮ್ಮ ಕಡೆ ಅಷ್ಟರೊಳಗೆ ಗುಡ್ಡದ ಗರಸಿನಿಂದ ಹಳ್ಳದ ಎರೆಯವರೆಗೆ ಎಲ್ಲವೂ ಬಂದುಹೋಗುತ್ತದೆ. ಸ್ವಂತ ಹಣ ಕೊಟ್ಟು ಪ್ರತ್ಯೇಕವಾಗಿ ಮಾಡಿಸುವುದಕ್ಕೆ ಇದೊಂದೇ ಕಾರಣ ಸಾಕಾಗಿತ್ತು.

ಪೋಷಕಾಂಶಗಳ ವರದಿ ಸರ್ಕಾರಿ ಚೀಟಿಯ ಹನ್ನೆರಡು ಅಂಶಗಳನ್ನೇ ಅನುಸರಿಸುತ್ತದೆ: ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನು ಯಾವ ವಿಧಾನದಿಂದ ಪಡೆಯಲಾಯಿತು ಎಂಬುದನ್ನು ನಮೂದಿಸಿರುವುದು ನನಗೆ ಮೆಚ್ಚುಗೆಯಾಯಿತು. ರಂಜಕಕ್ಕೆ ಓಲ್ಸೆನ್ ವಿಧಾನ, ಸತು ಮೊದಲಾದ ಲಘು ಪೋಷಕಾಂಶಗಳಿಗೆ ಡಿಟಿಪಿಎ ದ್ರಾವಣ, ಇಂಗಾಲಕ್ಕೆ ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ರೂಪಿಸಿದ ಡೈಕ್ರೊಮೇಟ್ ವಿಧಾನ. ಸಾರಜನಕವನ್ನು ನಿಜವಾಗಿ ಅಳೆದಿದ್ದಾರೆಯೇ, ಅಥವಾ ಇಂಗಾಲದ ಅಂಕಿಯಿಂದ ಲೆಕ್ಕಹಾಕಿ ತುಂಬಿದ್ದಾರೆಯೇ ಎಂಬುದು ವರದಿ ಓದುವವನಿಗೆ ತಿಳಿಯಬೇಕಾದ ಸಂಗತಿ. ಇಲ್ಲಿ ಕ್ಷಾರೀಯ ಪರ್ಮಾಂಗನೇಟ್ ವಿಧಾನದಿಂದ ಅಳೆದಿರುವುದಾಗಿ ಸ್ಪಷ್ಟಪಡಿಸಿದ್ದಾರೆ.

ಆದರೆ ಈ ಹನ್ನೆರಡೂ ಅಂಕಿಗಳು ಸೇರಿ ಹೇಳುವುದು ಮಣ್ಣಿನ ಬಹಳ ಸಣ್ಣ ಪಾಲಿನ ಬಗ್ಗೆ. ಮರಳು, ಜೇಡಿ ಎಲ್ಲವೂ ಬೆರೆತು ಬೆಳೆಗೆ ಹದವಾದ ಗೋಡು ಮಣ್ಣಿನ ಒಂದು ಹೆಂಟೆಯ ಗಾತ್ರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಖನಿಜ ಕಣಗಳು ಸುಮಾರು 45, ಗಾಳಿ ಮತ್ತು ನೀರು ಸೇರಿ ಸುಮಾರು 50, ಉಳಿದ ಐದರಷ್ಟು ಸಾವಯವ ವಸ್ತು ಎಂದು ಪಠ್ಯಗಳು ಹೇಳುತ್ತವೆ. ಅರ್ಧ ಭಾಗ ಘನವಸ್ತುವೇ ಅಲ್ಲ. ಗಾಳಿ ಮತ್ತು ನೀರು ಒಂದೇ ರಂಧ್ರಗಳಿಗಾಗಿ ಸ್ಪರ್ಧಿಸುತ್ತವೆ. ಮಳೆ ಬಿದ್ದಾಗ ನೀರು ಗಾಳಿಯನ್ನು ಹೊರದೂಡುತ್ತದೆ, ಒಣಗಿದಂತೆ ಗಾಳಿ ಮರಳುತ್ತದೆ. ಆ ರಂಧ್ರಗಳು ಎಷ್ಟಿವೆ, ಎಷ್ಟು ದೊಡ್ಡವು, ಅವನ್ನು ಆವರಿಸಿರುವ ಕಣಗಳು ಯಾವ ಗಾತ್ರದವು ಎಂಬುದರ ಮೇಲೆ ಬೇರು ಉಸಿರಾಡುವುದು, ಮಳೆ ಇಂಗುವುದು, ಹಾಕಿದ ಯೂರಿಯ ಹೊಲದಲ್ಲಿ ಉಳಿಯುವುದು ಎಲ್ಲವೂ ನಿಂತಿದೆ. ಪೋಷಕಾಂಶಗಳ ವರದಿಯಲ್ಲಿ ಇದರ ಸುಳಿವೂ ಇಲ್ಲ. ‘ಮಣ್ಣಿನ ವಿಧ’ ಎಂಬ ಒಂದು ಕಾಲಂ ಇದೆ. ಅದರಲ್ಲಿ ಒಂದು ಚೀಲಕ್ಕೆ ‘ಕೆಂಪು’, ಇನ್ನೊಂದಕ್ಕೆ ‘ಕಪ್ಪು’ ಎಂದು ಬರೆದಿದ್ದರು. ಚೀಲ ಕೊಟ್ಟವನಿಗೆ ಅಷ್ಟು ಮೊದಲೇ ಗೊತ್ತಿರುತ್ತದೆ.

ಎರಡನೆಯ ಪರೀಕ್ಷೆ ಮಹತ್ವ ಪಡೆಯುವುದು ಇಲ್ಲಿಯೇ. ಹೆಚ್ಚುವರಿ ಶುಲ್ಕವಿದೆ, ಆದರೆ ಎರಡೂ ಪರೀಕ್ಷೆಗಳ ಶುಲ್ಕ ಕೂಡಿಸಿದರೂ ಒಂದು ಚೀಲ ಡಿಎಪಿ ಗೊಬ್ಬರದ ಬೆಲೆಯನ್ನು ಮೀರುವುದಿಲ್ಲ. ತೂಗಿದ ಮಣ್ಣನ್ನು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದಲ್ಲಿ ನೆನೆಸಿ, ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಯಂತ್ರದಲ್ಲಿ ಕಲಕಿ, ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ನಿಲ್ಲಿಸಿ, ತೇಲುಮಾಪಕವನ್ನು ಇಳಿಬಿಟ್ಟು 40 ಸೆಕೆಂಡಿಗೆ ಒಮ್ಮೆ, ಎರಡು ಗಂಟೆಯ ಬಳಿಕ ಇನ್ನೊಮ್ಮೆ ಓದುತ್ತಾರೆ. ದೊಡ್ಡ ಕಣ ಬೇಗ ತಳ ಸೇರುತ್ತದೆ, ಸಣ್ಣದು ತೇಲುತ್ತಲೇ ಇರುತ್ತದೆ ಎಂಬ ಸರಳ ತತ್ತ್ವ ಇದರ ಹಿಂದಿದೆ. ಅದಕ್ಕೆ ಗಣಿತದ ರೂಪ ಕೊಟ್ಟವನು ಸ್ಟೋಕ್ಸ್, 1851ರಲ್ಲಿ, ಅದನ್ನು ಮಣ್ಣಿನ ಪರೀಕ್ಷೆಗೆ ತೇಲುಮಾಪಕದ ಮೂಲಕ ಒಗ್ಗಿಸಿದವನು ಬೊಯೂಕಸ್, 1927ರಲ್ಲಿ. 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗಿನ ಕಣ ಮರಳು, ಅಲ್ಲಿಂದ 0.002 ಮಿಲಿಮೀಟರಿನವರೆಗೆ ರೇವೆ. ಅದಕ್ಕಿಂತ ಸಣ್ಣದು ಜೇಡಿ. 2 ಮಿಲಿಮೀಟರಿಗಿಂತ ದೊಡ್ಡದನ್ನು ಜರಡಿಯಲ್ಲೇ ಬೇರೆ ಮಾಡುತ್ತಾರೆ, ಏಕೆಂದರೆ ಲೆಕ್ಕದ ಪ್ರಕಾರ ಅದು ಮಣ್ಣಲ್ಲ, ಕಲ್ಲು.

ನಮ್ಮ ಮೇಲಿನ ಹೊಲದ ಫಲಿತಾಂಶ: ಮರಳು ನೂರಕ್ಕೆ 68, ರೇವೆ 14, ಜೇಡಿ 18, ಅಂದರೆ ಮರಳು ಮಿಶ್ರಿತ ಗೋಡು. ಕೆಳಗಿನ ಎರೆಯಲ್ಲಿ ಜೇಡಿಯೇ 52. ಎರಡನೆಯ ಪುಟದ ಈ ಆರು ಅಂಕಿಗಳು ಮೊದಲ ಪುಟದ ಹನ್ನೆರಡು ಅಂಕಿಗಳಿಗೆ ಅರ್ಥ ತುಂಬಿದವು. ಮೇಲಿನ ಹೊಲದಲ್ಲಿ ಸಾರಜನಕ ‘ಕಡಿಮೆ’ ಎಂದು ಮೊದಲ ಪುಟ ಹೇಳುತ್ತದೆ, ಹಾಗಾಗಿ ಹೆಚ್ಚು ಹಾಕಿ ಎನ್ನುತ್ತದೆ. ಎರಡನೆಯ ಪುಟವನ್ನು ಓದಿದವನು ಹೆಚ್ಚು ಹಾಕುವುದಿಲ್ಲ, ಹಾಕುವುದನ್ನೇ ಎರಡು ಮೂರು ಕಂತು ಮಾಡುತ್ತಾನೆ, ಏಕೆಂದರೆ ನೂರಕ್ಕೆ 68 ಮರಳಿರುವ ನೆಲ ಒಂದೇ ಬಾರಿಗೆ ಸುರಿದ ಯೂರಿಯವನ್ನು ಮೊದಲ ಜಡಿಮಳೆಗೇ ಬೇರಿನ ಕೆಳಕ್ಕೆ ಇಳಿಸಿಬಿಡುತ್ತದೆ.

ಸಂಸ್ಥೆಯವರು ಒಂದು ಹೆಜ್ಜೆ ಮುಂದೆ ಹೋಗಿ ಜೇಡಿಯ ಪ್ರಮಾಣದ ಜೊತೆಗೆ ಅದರ ಜಾತಿಯನ್ನೂ ವಿವರಿಸಬಹುದಾಗಿತ್ತು. ಕೆಂಪು ಮಣ್ಣಿನಲ್ಲಿ ಪ್ರಧಾನವಾಗಿರುವುದು ಕಯೊಲಿನೈಟ್ ಎಂಬ ಜೇಡಿ; ಅದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಕೂತಿರುವುದರಿಂದ ನಡುವೆ ನೀರು ನುಗ್ಗುವುದಿಲ್ಲ, ಒಂದು ಗ್ರಾಂ ಕಯೊಲಿನೈಟಿನ ಒಟ್ಟು ಮೇಲ್ಮೈ ಹತ್ತಿಪ್ಪತ್ತು ಚದರ ಮೀಟರಿನಷ್ಟು ಮಾತ್ರ. ಎರೆಯಲ್ಲಿರುವುದು ಸ್ಮೆಕ್ಟೈಟ್ ಗುಂಪಿನ ಜೇಡಿ. ಅದರ ಪದರಗಳ ನಡುವೆ ನೀರು ಸೇರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಒಳಮೇಲ್ಮೈಯೂ ಸೇರಿ ಒಂದು ಗ್ರಾಂಗೆ ಆರುನೂರು ಚದರ ಮೀಟರನ್ನೂ ದಾಟಬಲ್ಲದು. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದಕ್ಕೂ, ಮುಂಗಾರಿನ ಮೊದಲ ಮಳೆಗೆ ಆ ಬಿರುಕುಗಳು ಮುಚ್ಚಿಕೊಂಡು ಎತ್ತಿನ ಗೊರಸಿಗೆ ಹಿಡಿಯುವಂತಾಗುವುದಕ್ಕೂ, ಹಿಂಗಾರಿ ಕಡಲೆ ಮಳೆಯಿಲ್ಲದೆ ಬರೀ ನೆಲದ ತೇವದ ಮೇಲೆ ಕಾಯಿ ಕಟ್ಟುವುದಕ್ಕೂ ಇದೇ ಕಾರಣ. ಪೊಟ್ಯಾಷ್, ಕ್ಯಾಲ್ಸಿಯಂಗಳಂತಹ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿಯಲ್ಲಿ ಸ್ಮೆಕ್ಟೈಟ್ ಕಯೊಲಿನೈಟಿಗಿಂತ ಹತ್ತು ಪಟ್ಟಿನಷ್ಟು ಮುಂದಿದೆ ಎಂದರೂ ತಪ್ಪಾಗದು. ಹಾಗಾಗಿ ಎರಡು ಹೊಲಗಳಲ್ಲಿ ಪೊಟ್ಯಾಷ್ ಅಂಕಿ ಒಂದೇ ಬಂದರೂ ಅದರ ಅರ್ಥ ಒಂದೇ ಆಗಿರುವುದಿಲ್ಲ.

ಒಂದೇ ಜಮೀನಿನಲ್ಲಿ ಈ ಎರಡು ಜಾತಿಯ ಜೇಡಿ ಹೇಗೆ ಹುಟ್ಟಿದವು ಎಂಬುದನ್ನು ವರದಿ ಹೇಳಬೇಕೆಂದು ನಾನು ನಿರೀಕ್ಷಿಸುತ್ತಿಲ್ಲ. ಆದರೆ ಶಿಫಾರಸು ಬರೆಯುವವರು ಅದನ್ನು ತಿಳಿದಿರಬೇಕೆಂದು ನಿರೀಕ್ಷಿಸುವುದು ಅತಿಯಾಗದು. ಮಣ್ಣು ಕೇವಲ ಪುಡಿಯಾದ ಕಲ್ಲಲ್ಲ, ಅದು ತನ್ನದೇ ಆದ ನಿಯಮಗಳಿಂದ ರೂಪುಗೊಳ್ಳುವ ಪ್ರತ್ಯೇಕ ವಸ್ತು ಎಂಬುದನ್ನು ರಷ್ಯದ ಕಪ್ಪು ನೆಲವನ್ನು ಅಧ್ಯಯನ ಮಾಡಿದ ದೊಕುಚಾಯೆವ್ 1883ರಲ್ಲಿ ತೋರಿಸಿಕೊಟ್ಟನು. ಹವಾಮಾನ, ಜೀವಿಗಳು, ನೆಲದ ಏರಿಳಿತ, ಮೂಲ ಶಿಲೆ, ಕಾಲ ಎಂಬ ಐದು ಕಾರಣಗಳನ್ನು ಒಂದು ಸೂತ್ರವಾಗಿ 1941ರಲ್ಲಿ ಮಂಡಿಸಿದವನು ಹಾನ್ಸ್ ಯೆನ್ನಿ. ಆ ಐದನ್ನೂ ಚಿತ್ರದುರ್ಗದ ಸುತ್ತಮುತ್ತ ಬರಿಗಣ್ಣಿನಿಂದ ಓದಬಹುದು.

ಮೂಲ ಶಿಲೆಯಿಂದಲೇ ಆರಂಭಿಸೋಣ. ಏಳು ಸುತ್ತಿನ ಕೋಟೆ ನಿಂತಿರುವುದು ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟಿನ ಮೇಲೆ. ಅದರ ಪಕ್ಕದಲ್ಲೇ ಜೋಗಿಮಟ್ಟಿ, ಇಂಗಳದಾಳುಗಳ ಕಡೆ ಇರುವುದು ಭೂವಿಜ್ಞಾನಿಗಳು ಚಿತ್ರದುರ್ಗ ಪದರಶಿಲಾ ಪಟ್ಟಿ ಎಂದು ಕರೆಯುವ, ಪ್ರಾಚೀನ ಲಾವಾ ಮತ್ತು ಸಮುದ್ರತಳದ ಕೆಸರು ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡ ಶಿಲೆಗಳು. ಐಮಂಗಲದ ಕಡೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಇದ್ದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಗ್ರಾನೈಟಿನಲ್ಲಿ ಇರುವುದು ಮುಖ್ಯವಾಗಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ. ಮಳೆನೀರು ಗಾಳಿಯಲ್ಲಿನ ಮತ್ತು ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸೌಮ್ಯ ಆಮ್ಲವಾಗಿ ಬಂಡೆಯ ಸೀಳುಗಳಿಗೆ ಇಳಿಯುತ್ತದೆ. ಫೆಲ್ಡ್‌ಸ್ಪಾರ್ ಕ್ರಮೇಣ ಜೇಡಿಯಾಗಿ ಮಾರ್ಪಡುತ್ತದೆ; ಕಪ್ಪು ಅಭ್ರಕದಲ್ಲಿದ್ದ ಕಬ್ಬಿಣ ಗಾಳಿ ಸೋಕಿ ಹೆಮಟೈಟ್ ಆಗಿ ನೆಲಕ್ಕೆ ಕೆಂಪು ಬಣ್ಣ ಕೊಡುತ್ತದೆ; ಬೆಣಚುಕಲ್ಲು ಮಾತ್ರ ಆಮ್ಲಕ್ಕೆ ಬಗ್ಗದೆ ಮರಳಾಗಿ ಉಳಿಯುತ್ತದೆ. ಕೋಟೆಯ ಬಂಡೆಗಳು ಚಕ್ಕೆ ಚಕ್ಕೆಯಾಗಿ ಸುಲಿದು ಗುಂಡಗಾಗಿರುವುದು ಈ ಕ್ರಿಯೆಯ ಮೊದಲ ಹಂತ. ಅದರ ಬುಡದಲ್ಲಿ ಬಿದ್ದಿರುವ ಒರಟು ಗರಸು ಎರಡನೆಯದು. ನಮ್ಮ ಮೇಲಿನ ಹೊಲದ ಮಸಾರಿ ಮೂರನೆಯದು.

ಎರೆಯ ಹುಟ್ಟು ಇದಕ್ಕಿಂತ ಸ್ವಾರಸ್ಯಕರ. ಕಪ್ಪು ಮಣ್ಣೆಂದರೆ ದಖನ್ನಿನ ಬಸಾಲ್ಟ್ ಲಾವಾದಿಂದ ಬಂದದ್ದು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಬೆಳಗಾವಿ, ವಿಜಯಪುರ, ಬೀದರ್‌ಗಳ ಮಟ್ಟಿಗೆ ಆ ಮಾತು ಸರಿ. ಆದರೆ ದಾವಣಗೆರೆ, ಚಿತ್ರದುರ್ಗಗಳಲ್ಲಿ ಆ ಲಾವಾ ಇಲ್ಲ. ಇಲ್ಲಿನ ಎರೆ ಕೆಲವು ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೇರಳವಾಗಿರುವ ಪದರಶಿಲೆಗಳಿಂದ ಹುಟ್ಟಿದ್ದು. ಇನ್ನು ಕೆಲವು ಕಡೆ ಕೆಂಪು ಮಣ್ಣು ಕೊಟ್ಟ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಪ್ರದೇಶದಲ್ಲೇ, ತಗ್ಗಿನಲ್ಲಿ ರೂಪುಗೊಂಡದ್ದು. ಏರಿನ ಮೇಲಿನ ನೆಲದಲ್ಲಿ ನೀರು ಬಸಿದುಹೋಗುವಾಗ ಕರಗಿದ ಸಿಲಿಕ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕೆಳಕ್ಕೆ ಒಯ್ಯುತ್ತದೆ, ಅಲ್ಲಿ ಉಳಿಯುವುದು ಕಯೊಲಿನೈಟ್ ಮತ್ತು ಕಬ್ಬಿಣ. ಒಯ್ದದ್ದೆಲ್ಲ ತಗ್ಗಿನಲ್ಲಿ ಶೇಖರವಾಗುತ್ತದೆ. ಘಟ್ಟದ ಮಳೆನೆರಳಿನಲ್ಲಿರುವ, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಪ್ರದೇಶದಲ್ಲಿ ಅದನ್ನು ಹಳ್ಳದಾಚೆಗೆ ತೊಳೆದು ಸಾಗಿಸುವಷ್ಟು ನೀರು ಇರುವುದಿಲ್ಲ. ಆ ಶೇಖರದಿಂದ ಸ್ಮೆಕ್ಟೈಟ್ ರೂಪುಗೊಳ್ಳುತ್ತದೆ, ಉಳಿದ ಕ್ಯಾಲ್ಸಿಯಂ ಸುಣ್ಣಕಲ್ಲಿನ ಗಂಟುಗಳಾಗಿ ಕೂರುತ್ತದೆ. ಒಂದೇ ಬಂಡೆ, ಒಂದೇ ಮಳೆ, ಇಳಿಜಾರಿನ ವ್ಯತ್ಯಾಸದಿಂದ ಎರಡು ಮಣ್ಣು. ಎರೆಯ ಕಪ್ಪು ಬಣ್ಣವನ್ನು ನೋಡಿ ಅದರಲ್ಲಿ ಸಾವಯವ ವಸ್ತು ತುಂಬಿದೆ ಎಂದುಕೊಳ್ಳುವುದೂ ಸರಿಯಲ್ಲ. ಸ್ವಲ್ಪವೇ ಇರುವ ಸಾವಯವ ಅಂಶ ಸ್ಮೆಕ್ಟೈಟಿನೊಂದಿಗೆ ಬಿಗಿಯಾಗಿ ಬೆರೆತು ನೆಲವನ್ನು ಕಪ್ಪಾಗಿಸುತ್ತದೆ. ನಮ್ಮ ಎರೆಯಲ್ಲಿ ಸಾವಯವ ಇಂಗಾಲ ಬಂದದ್ದು ನೂರಕ್ಕೆ 0.46; 0.5ಕ್ಕಿಂತ ಕೆಳಗಿನದು ‘ಕಡಿಮೆ’ ಎಂಬ ವರ್ಗ. ಅದನ್ನು 1.724ರಿಂದ ಗುಣಿಸಿದರೆ ಸಾವಯವ ವಸ್ತುವಿನ ಅಂದಾಜು ಸಿಗುತ್ತದೆ: ತೂಕದಲ್ಲಿ ನೂರಕ್ಕೆ 0.8ರಷ್ಟು. ಪಠ್ಯದ ಐದು ಪಾಲಿಗೂ ನಮ್ಮ ಸೀಮೆಯ ಹೊಲಕ್ಕೂ ಇರುವ ಅಂತರ ಇದು.

ಈ ಹಿನ್ನೆಲೆಯಲ್ಲಿ ಶಿಫಾರಸಿನ ಪುಟವನ್ನು ಓದಿದರೆ ಬೇಸರವಾಗುತ್ತದೆ. ಎರೆಯ ರಸಸಾರ 8.3 ಬಂದಿದೆ, ಲವಣಾಂಶ ಸಾಮಾನ್ಯ ಮಿತಿಯಲ್ಲಿದೆ. ಶಿಫಾರಸಿನಲ್ಲಿ ‘ಕ್ಷಾರ ಹೆಚ್ಚಿರುವ ಕಾರಣ ಜಿಪ್ಸಂ ಹಾಕಿ’ ಎಂದಿದೆ. ಜಿಪ್ಸಂ ಬೇಕಾಗುವುದು ಸೋಡಿಯಂ ಹೆಚ್ಚಾಗಿ ಜೇಡಿಯ ಕಣಗಳು ಚದುರಿ, ನೀರು ಇಂಗದಂತಾದ ಕರ್ಲು ಭೂಮಿಗೆ. ಅಂತಹ ನೆಲದಲ್ಲಿ ರಸಸಾರ ಸಾಮಾನ್ಯವಾಗಿ 8.5ನ್ನು ಮೀರಿರುತ್ತದೆ, ವಿನಿಮಯವಾಗಬಲ್ಲ ಸೋಡಿಯಂ ನೂರಕ್ಕೆ 15ಕ್ಕಿಂತ ಹೆಚ್ಚಿರುತ್ತದೆ. ಈ ವರದಿಯಲ್ಲಿ ಸೋಡಿಯಂ ಅನ್ನು ಅಳೆದೇ ಇಲ್ಲ. ನಮ್ಮ ಎರೆಯ ರಸಸಾರ 8.3ರಲ್ಲಿ ನಿಂತಿರುವುದಕ್ಕೆ ಕಾರಣ ಅದರಲ್ಲಿರುವ ಸುಣ್ಣ. ಒಂದು ಹಿಡಿ ಮಣ್ಣಿನ ಮೇಲೆ ನಿಂಬೆರಸ ಹಿಂಡಿದರೆ ನೊರೆ ಬರುವುದು ಕಾಣುತ್ತದೆ. ಕ್ಯಾಲ್ಸಿಯಂ ಮೊದಲೇ ತುಂಬಿರುವ ನೆಲಕ್ಕೆ ಮತ್ತೆ ಕ್ಯಾಲ್ಸಿಯಂ ಸುರಿದು ಅದರ ರಸಸಾರವನ್ನು ಇಳಿಸುತ್ತೇವೆ ಎನ್ನುವುದು ಹಣದ ವ್ಯಯ. ವಿಪರ್ಯಾಸವೆಂದರೆ, ಜಿಪ್ಸಂ ಉಪಯೋಗವಾಗುವುದು ಮೇಲಿನ ಕೆಂಪು ಹೊಲಕ್ಕೆ: ಶೇಂಗಾದ ಊಡು ನೆಲಕ್ಕಿಳಿದು ಕಾಯಿ ಕಟ್ಟುವಾಗ ಅದಕ್ಕೆ ಮೇಲ್ಪದರದಲ್ಲೇ ಕ್ಯಾಲ್ಸಿಯಂ ಮತ್ತು ಗಂಧಕ ಬೇಕು. ಆ ಹೊಲದ ಹಾಳೆಯಲ್ಲಿ ಜಿಪ್ಸಂ ಮಾತೇ ಇಲ್ಲ. ರಸಸಾರದ ಅಂಕಿ ಇಷ್ಟು ದಾಟಿದರೆ ಇಂಥದ್ದನ್ನು ಮುದ್ರಿಸು ಎಂದು ಗಣಕಯಂತ್ರಕ್ಕೆ ಕಲಿಸಿಟ್ಟಂತಿದೆ. ಬೆಳೆಯ ಹೆಸರನ್ನು ಅರ್ಜಿಯಲ್ಲಿ ಕೇಳಿಕೊಂಡು ಶಿಫಾರಸಿನಲ್ಲಿ ಅದನ್ನು ಬಳಸದೆ ಬಿಟ್ಟಿದ್ದಾರೆ.

ಸತುವಿನ ವಿಷಯದಲ್ಲಿ ಮಾತ್ರ ಶಿಫಾರಸು ಸರಿಯಾಗಿದೆ. ಸುಣ್ಣವಿರುವ ಎರೆಯಲ್ಲಿ ಸತು ಮತ್ತು ಕಬ್ಬಿಣ ಇದ್ದರೂ ಬೇರಿಗೆ ಸಿಗದಂತೆ ಬಂಧಿತವಾಗಿರುತ್ತವೆ, ರಂಜಕವೂ ಕ್ಯಾಲ್ಸಿಯಂನೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಸತುವಿನ ಅಂಕಿ ಹತ್ತು ಲಕ್ಷಕ್ಕೆ 0.6 ಭಾಗ ಎಂಬ ಗಡಿಯ ಕೆಳಗಿತ್ತು, ಸತುವಿನ ಸಲ್ಫೇಟ್ ಹಾಕಲು ಹೇಳಿದರು; ಅದನ್ನು ರಂಜಕದ ಗೊಬ್ಬರದೊಂದಿಗೆ ಬೆರೆಸಬೇಡಿ ಎಂಬ ಎಚ್ಚರಿಕೆಯನ್ನೂ ಕೊಟ್ಟರು.

ಇನ್ನೊಂದು ಕೊರತೆ ಆಳಕ್ಕೆ ಸಂಬಂಧಿಸಿದ್ದು. ಆರು ಇಂಚಿನ ಮಾದರಿ ಆರು ಇಂಚಿನ ಕಥೆಯನ್ನಷ್ಟೇ ಹೇಳುತ್ತದೆ. ಹಳೆಯ ಕೆಂಪು ಮಣ್ಣುಗಳಲ್ಲಿ ಸಾವಿರಾರು ವರ್ಷಗಳ ಮಳೆ ಮೇಲ್ಪದರದ ಜೇಡಿಯನ್ನು ಕೆಳಕ್ಕೆ ಇಳಿಸಿರುತ್ತದೆ, ಹಾಗಾಗಿ ಒಂದು ಅಡಿಯ ಕೆಳಗೆ ಮಣ್ಣು ಹೆಚ್ಚು ಜಿಗುಟಾಗಿ, ಹೆಚ್ಚು ಕೆಂಪಾಗಿ ಸಿಗುವುದು ಸಾಮಾನ್ಯ. ಕೇಳಿಕೊಂಡ ಮೇಲೆ ಎರಡನೆಯ ಆಳದ ಮಾದರಿಯನ್ನೂ ಅವರು ಪರೀಕ್ಷಿಸಿದರು. ಮೇಲೆ 18 ಇದ್ದ ಜೇಡಿ ಕೆಳಗೆ 34ಕ್ಕೆ ಏರಿತ್ತು. ಅಂದರೆ ಕೆಳಗಿನ ಪದರ ನೀರನ್ನು ಹಿಡಿಯಬಲ್ಲದು, ಆದರೆ ಅದರ ಮೇಲಿನ ಮರಳು ಪದರ ತೆಳುವಾಗಿದೆ, ಅದು ಕೊಚ್ಚಿಹೋದರೆ ಮತ್ತೆ ಬರುವುದಿಲ್ಲ. ಒಂದು ಸೆಂಟಿಮೀಟರ್ ಮಣ್ಣು ಕಟ್ಟಲು ನೂರಾರು ವರ್ಷ ಬೇಕು. ಅಡಿಕೆ ಬೆಳೆಯುವವರಿಗೆ ಒಂದು, ಎರಡು, ಮೂರು ಅಡಿಗಳ ಮಾದರಿ ಪ್ರತ್ಯೇಕವಾಗಿ ಬೇಕಾಗುತ್ತದೆ. ಚನ್ನಗಿರಿ, ಹೊಳಲ್ಕೆರೆಗಳಿಂದ ಇಷ್ಟೊಂದು ಅಡಿಕೆ ಬೆಳೆಗಾರರು ದಾವಣಗೆರೆಗೆ ಬಂದುಹೋಗುವಾಗ ಈ ಸೌಲಭ್ಯವನ್ನು ದರಪಟ್ಟಿಯಲ್ಲೇ ಬರೆಯದಿರುವುದು ಆಶ್ಚರ್ಯ. ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವರಿಗಂತೂ ಸೋಡಿಯಂ ಪರೀಕ್ಷೆ ಐಚ್ಛಿಕವಾಗಿ ಇರಬಾರದು. ನೀರು ನಿಂತು ಸವಳಾಗುವ ಅಪಾಯ ಅಲ್ಲಿಯದೇ.

ಭೌತಿಕ ಪರೀಕ್ಷೆಯ ಹಣವನ್ನು ಉಳಿಸಬೇಕೆನ್ನುವವರು ಮನೆಯಲ್ಲಿಯೇ ಅದರ ಅಂದಾಜನ್ನು ಪಡೆಯಬಹುದು. ಉದ್ದನೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಜರಡಿ ಹಿಡಿದ ಮಣ್ಣು, ಉಳಿದಷ್ಟು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ, ಚೆನ್ನಾಗಿ ಕುಲುಕಿ ಇಡಬೇಕು. ಒಂದು ನಿಮಿಷದೊಳಗೆ ಕೂತದ್ದು ಮರಳು, ಎರಡು ಗಂಟೆಯೊಳಗೆ ಕೂತದ್ದು ರೇವೆ, ಅದರ ಮೇಲೆ ಒಂದೆರಡು ದಿನ ತೆಗೆದುಕೊಂಡು ಕೂರುವುದು ಜೇಡಿ. ಕೆಂಪು ಮಣ್ಣಿಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ಎರೆಗೆ ಅಷ್ಟು ಹೊಂದುವುದಿಲ್ಲ, ಏಕೆಂದರೆ ಜೇಡಿ ಬಾಟಲಿಯಲ್ಲಿ ಹಿಗ್ಗಿ ತನ್ನ ಪಾಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಸುಣ್ಣವಿದ್ದರೆ ಕಣಗಳು ಮುದ್ದೆಯಾಗಿ ಬೇಗ ಕುಸಿಯುತ್ತವೆ. ಎರೆಗೆ ಪ್ರಯೋಗಾಲಯದ ತೇಲುಮಾಪಕವೇ ಸರಿ.

ಪರ್ಯಾಯಗಳ ಬಗ್ಗೆಯೂ ಒಂದು ಮಾತು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂ ಇವು ನಮ್ಮ ಕಡೆಯ ರೈತರು ಮಣ್ಣಿನ ಸಂಶಯಗಳಿಗೆ ಎಡತಾಕುವ ಸ್ಥಳಗಳು. ಅಂಕಿಗಳನ್ನು ಯಾವ ಪ್ರಯೋಗಾಲಯದಿಂದ ಪಡೆದರೂ ಶಿಫಾರಸನ್ನು ಅಂತಹ ಕಡೆ ತೋರಿಸಿ ಒಪ್ಪಿಸಿಕೊಳ್ಳುವುದು ಕ್ಷೇಮ. ಜಲಾನಯನ ಅಭಿವೃದ್ಧಿಯ ಸುಜಲಾ ಯೋಜನೆಯ ಮೂರನೆಯ ಹಂತದಲ್ಲಿ ರಾಜ್ಯದ ಹಲವು ಕಿರು ಜಲಾನಯನಗಳಲ್ಲಿ ಸರ್ವೆ ನಂಬರುವಾರು ಭೂಸಂಪನ್ಮೂಲ ಸಮೀಕ್ಷೆ ನಡೆದಿದೆ. ಅದರಲ್ಲಿ ಮಣ್ಣಿನ ಆಳ, ಕಣರಚನೆ, ಗರಸಿನ ಪ್ರಮಾಣ, ಇಳಿಜಾರು, ಸವಕಳಿ ಎಲ್ಲವನ್ನೂ ದಾಖಲಿಸಿದ್ದಾರೆ. ನಿಮ್ಮ ಊರು ಆ ವ್ಯಾಪ್ತಿಯಲ್ಲಿದ್ದರೆ ಕೃಷಿ ಇಲಾಖೆಯಲ್ಲಿ ವಿಚಾರಿಸಿ ಆ ನಕ್ಷೆಯನ್ನು ಪಡೆದ ಮೇಲೆ, ಈ ಸಂಸ್ಥೆಯಿಂದ ಪೋಷಕಾಂಶಗಳ ಪರೀಕ್ಷೆಯನ್ನಷ್ಟೇ ಮಾಡಿಸಿದರೆ ಸಾಕು.

ಸೇವೆಯ ಉಳಿದ ಸಂಗತಿಗಳಲ್ಲಿ ದೂರಲು ಹೆಚ್ಚಿಲ್ಲ. ವರದಿ ವಾಟ್ಸ್‌ಆ್ಯಪಿನಲ್ಲೂ ಮುದ್ರಿತ ರೂಪದಲ್ಲೂ ಹೇಳಿದ ದಿನಕ್ಕೆ ಬಂತು. ಪೋಷಕಾಂಶಗಳ ಪುಟ ಕನ್ನಡದಲ್ಲಿದೆ, ಆದರೆ ಭೌತಿಕ ಗುಣಗಳ ಪುಟ ಪೂರ್ತಿ ಇಂಗ್ಲಿಷಿನಲ್ಲಿದೆ. ಅತ್ಯಂತ ಉಪಯುಕ್ತವಾದ ಪುಟವೇ ಓದಲಾಗದ ಪುಟವಾದರೆ ಅದನ್ನು ಯಾರೂ ಕೇಳದಿರುವುದರಲ್ಲಿ ಆಶ್ಚರ್ಯವಿಲ್ಲ. ಫೋನಿನಲ್ಲಿ ಪ್ರಶ್ನೆ ಕೇಳಿದರೆ ಅಂಕಿಗಳ ಬಗ್ಗೆ ತಾಳ್ಮೆಯಿಂದ ವಿವರಿಸುತ್ತಾರೆ; ಜಿಪ್ಸಂ ವಿಷಯವನ್ನು ಎತ್ತಿದಾಗ ‘ಸಾಮಾನ್ಯವಾಗಿ ಹಾಗೆ ಕೊಡುತ್ತೇವೆ’ ಎಂಬ ಉತ್ತರ ಮಾತ್ರ ಸಿಕ್ಕಿತು.

ನಮ್ಮ ಮಟ್ಟಿಗೆ ಈ ವರದಿಯಿಂದ ಆದ ಬದಲಾವಣೆ ಎಂದರೆ, ಮೇಲಿನ ಹೊಲಕ್ಕೆ ಗೊಬ್ಬರದ ಚೀಲ ಹೆಚ್ಚಿಸುವ ಯೋಚನೆಯನ್ನು ಬಿಟ್ಟು, ಹಿಂದಿನವರು ಮಾಡುತ್ತಿದ್ದಂತೆ ಬೇಸಿಗೆಯಲ್ಲಿ ಕೆರೆಗೋಡು ಹೊಡೆಯಲು ನಿರ್ಧರಿಸಿದ್ದು. ನೂರಕ್ಕೆ 18 ಜೇಡಿ ಇರುವ ನೆಲಕ್ಕೆ ಬೇಕಾಗಿರುವುದು ಕೆರೆಯ ತಳದಲ್ಲಿ ಕೂತಿರುವ ಜೇಡಿ ಮತ್ತು ರೇವೆ. ಅವು ಮೊದಲು ಇಂತಹ ಹೊಲಗಳಿಂದಲೇ ಕೊಚ್ಚಿಹೋದವು. ಆದರೆ ಕೆರೆಗೋಡೂ ಎಲ್ಲ ಕಡೆ ಒಂದೇ ಬಗೆಯದಲ್ಲ, ಕೆಲವೆಡೆ ಲವಣ ಹೆಚ್ಚಿರುತ್ತದೆ, ಕೆಲವೆಡೆ ಬರೀ ಮರಳು ಬಂದು ನಿಂತಿರುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಗೊತ್ತು ಮಾಡುವ ಮೊದಲು ಅದರದೂ ಒಂದು ಚೀಲವನ್ನು ಇದೇ ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಕಣರಚನೆ, ಲವಣಾಂಶ ಮತ್ತು ಸೋಡಿಯಂ ಈ ಮೂರನ್ನೇ ಕೇಳಿದ್ದೇನೆ, ಶಿಫಾರಸಿನ ಪುಟ ಬೇಡವೆಂದು ಅರ್ಜಿಯಲ್ಲೇ ಬರೆದಿದ್ದೇನೆ.